ಮರುಭೂಮಿಯಲ್ಲಿ ಸಿಕ್ಕ ಅಕ್ಷರಗಳು

ಉರ್ದು ಪಾಠದ ವೇಳೆಯಲ್ಲಿ ನಾನು ಕಪ್ಪುಹಲಗೆಯ ಬಲತುದಿಯಿಂದ ಬರೆಯುತ್ತೇನೆ. ಮುಂದಿನ ಪಿರಿಯಡ್ ಕನ್ನಡದ್ದಾದರೆ ಅದೇ ಹಲಗೆಯನ್ನು ಒರೆಸಿ ಎಡತುದಿಯಿಂದ ಬರೆಯುತ್ತೇನೆ. ಪ್ರತಿ ವರ್ಷ ಹೊಸದಾಗಿ ಸೇರಿದ ಮಕ್ಕಳಲ್ಲಿ ಒಬ್ಬರಾದರೂ ಕೇಳುತ್ತಾರೆ: "ಸರ್, ಎರಡರಲ್ಲಿ ಯಾವ ಕಡೆಯಿಂದ ಬರೆಯುವುದು ಸರಿ?" ಎರಡೂ ಸರಿ ಎಂದು ಹೇಳಿ ಪಾಠ ಮುಂದುವರಿಸಬಹುದು. ಆದರೆ ಸುಮಾರು 400 ವರ್ಷಗಳ ಹಿಂದೆ ಒಬ್ಬ ಪ್ರವಾಸಿ, ಅಂದು ಲೋಕದಲ್ಲಿ ಯಾರೂ ಓದಲಾರದಿದ್ದ ಲಿಪಿಯೊಂದರ ಮುಂದೆ ನಿಂತು ಇದೇ ಪ್ರಶ್ನೆಯನ್ನು ಕೇಳಿಕೊಂಡಿದ್ದ. ಅವನು ಇಟಲಿಯ ಕ್ರೈಸ್ತ. ನಮ್ಮ ಕರ್ನಾಟಕಕ್ಕೂ ಬಂದುಹೋದವನು. ಅವನು ಅರಬ್ ಮರುಭೂಮಿಯಲ್ಲಿ ಕಳೆದ ಒಂದು ದಿನವನ್ನು ನಮ್ಮ ವಿದ್ಯಾರ್ಥಿಗಳಿಗೆ ಪರಿಚಯಿಸುವುದೇ ಈ ಲೇಖನದ ಉದ್ದೇಶ.

ಅವನ ಹೆಸರು ಪಿಯೆಟ್ರೊ ಡೆಲ್ಲಾ ವಾಲೆ. 1586ರಲ್ಲಿ ರೋಮ್ ನಗರದ ಶ್ರೀಮಂತ ಮನೆತನದಲ್ಲಿ ಹುಟ್ಟಿದವನು. ಜೆರುಸಲೇಮ್ ಯಾತ್ರೆಯ ಹರಕೆ ಹೊತ್ತು 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿದ. ಒಂದು ವರ್ಷಕ್ಕೂ ಹೆಚ್ಚು ಕಾಲ ಕಾನ್‌ಸ್ಟಾಂಟಿನೋಪಲ್‌ನಲ್ಲಿ ನಿಂತು ತುರ್ಕಿ ಮತ್ತು ಅರಬ್ಬಿ ಭಾಷೆಗಳನ್ನು ಕಲಿತ. ಹೋದ ನಾಡಿನ ಮಾತನ್ನು ಕಲಿತು ಜನರೊಡನೆ ಬೆರೆಯುವುದು ಅವನ ಸ್ವಭಾವ. ಈಜಿಪ್ಟ್, ಜೆರುಸಲೇಮ್, ದಮಾಸ್ಕಸ್, ಅಲೆಪ್ಪೊಗಳನ್ನು ಸುತ್ತಿ 1616ರಲ್ಲಿ ಬಾಗ್ದಾದ್ ತಲುಪಿದ. ಅಲ್ಲಿಯ ಕ್ರೈಸ್ತ ಮನೆತನದ ಮಆನಿ ಎಂಬ ಯುವತಿಯನ್ನು ಮದುವೆಯಾದ. 'ಮಆನಿ' ಎಂದರೆ ಅರಬ್ಬಿಯಲ್ಲಿ 'ಅರ್ಥಗಳು'. ಉರ್ದು ಓದುವ ಮಕ್ಕಳಿಗೆ ಈ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಂಪತಿಗಳು ಪರ್ಷಿಯಕ್ಕೆ ಹೋದರು. 1621ರ ಅಕ್ಟೋಬರ್‌ನಲ್ಲಿ ಪರ್ಸೆಪೊಲಿಸ್ ಅರಮನೆಯ ಅವಶೇಷಗಳಲ್ಲಿ ಮೊಳೆಗಳನ್ನು ಜೋಡಿಸಿಟ್ಟಂತೆ ಕಾಣುವ ಬರಹವನ್ನು ಡೆಲ್ಲಾ ವಾಲೆ ಕಂಡ. ಇಂದು ಅದನ್ನು ಬೆಣೆಲಿಪಿ ಎನ್ನುತ್ತೇವೆ. ಅದರ ಐದು ಚಿಹ್ನೆಗಳನ್ನು ನಕಲು ಮಾಡಿಕೊಂಡು, ಈ ಬರಹ ಯಾವ ಕಡೆಯಿಂದ ಓದುವಂಥದ್ದು ಎಂದು ಯೋಚಿಸಿದ. ಅಡ್ಡಲಾಗಿ ಮಲಗಿದ ಬೆಣೆಗಳ ದಪ್ಪ ತಲೆ ಎಡಕ್ಕಿದೆ, ಮೊನೆ ಬಲಕ್ಕಿದೆ. ಆದ್ದರಿಂದ ಇದು ಅರಬ್ಬಿಯಂತೆ ಬಲದಿಂದಲ್ಲ, ಎಡದಿಂದ ಬರೆದದ್ದಿರಬೇಕು ಎಂದು ಊಹಿಸಿದ. ಒಂದಕ್ಷರವನ್ನೂ ಓದಲು ಬಾರದಿದ್ದರೂ ಅವನ ಊಹೆ ನಿಜವಾಗಿತ್ತು.

ಅದೇ ವರ್ಷದ ಕೊನೆಯಲ್ಲಿ ಮಆನಿ ಜ್ವರದಿಂದ ತೀರಿಕೊಂಡಳು. ಪರದೇಶದ ಮಣ್ಣಿನಲ್ಲಿ ಅವಳನ್ನು ಬಿಟ್ಟುಹೋಗಲು ಅವನಿಗೆ ಮನಸ್ಸಾಗಲಿಲ್ಲ. ದೇಹಕ್ಕೆ ಕರ್ಪೂರ ತುಂಬಿಸಿ, ಪೆಟ್ಟಿಗೆಯಲ್ಲಿಟ್ಟು, ತನ್ನ ಜೊತೆಗೇ ಸಾಗಿಸಿದ. ಹಡಗಿನವರು ಹೆಣವನ್ನು ಅಪಶಕುನವೆಂದು ಭಾವಿಸುತ್ತಿದ್ದುದರಿಂದ ಅದನ್ನು ಸರಕಿನ ನಡುವೆ ಮರೆಮಾಡಬೇಕಾಗಿತ್ತು.

1623ರಲ್ಲಿ ಅವನು ಸೂರತ್ತಿಗೆ ಬಂದು, ಗೋವೆಯ ಮೂಲಕ ಕನ್ನಡ ನಾಡಿಗೆ ಕಾಲಿಟ್ಟ. ಪೋರ್ಚುಗೀಸ್ ರಾಯಭಾರಿಯ ಜೊತೆ ಕೆಳದಿಯ ವೆಂಕಟಪ್ಪ ನಾಯಕನ ರಾಜಧಾನಿ ಇಕ್ಕೇರಿಗೆ ಹೊರಟಿದ್ದಾಗ, ಗೇರುಸೊಪ್ಪೆಯ ಘಟ್ಟ ಹತ್ತಿದ ಮೇಲೆ, ಒಂದು ದೇವಾಲಯದ ಮುಖಮಂಟಪದಲ್ಲಿ ನಾಲ್ವರು ಹುಡುಗರನ್ನು ಕಂಡ. ಅವರು ನೆಲದ ಮೇಲೆ ನುಣುಪಾದ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಲೆಕ್ಕ ಹೇಳಿಕೊಳ್ಳುತ್ತಿದ್ದರು. ಮರಳು ತುಂಬಿದರೆ ಅಳಿಸಿ ಮತ್ತೆ ಬರೆಯುವುದು; ಕಾಗದದ ಖರ್ಚಿಲ್ಲ. ಜೊತೆಯಲ್ಲಿ ಗುರುಗಳಿರಲಿಲ್ಲ. ಮರೆತರೆ ಯಾರು ತಿದ್ದುತ್ತಾರೆ ಎಂದು ಅವನು ಕೇಳಿದ. ನಾವು ನಾಲ್ವರೂ ಒಟ್ಟಿಗೇ ಮರೆಯುವುದಿಲ್ಲವಲ್ಲ ಎಂಬರ್ಥದ ಉತ್ತರ ಬಂತು! ಈ ಜಾಣತನವನ್ನು ಅವನು ಮೆಚ್ಚಿ ತನ್ನ ಪತ್ರದಲ್ಲಿ ಬರೆದಿಟ್ಟ. ಆ ಕಾಲದ ಕನ್ನಡ ಮಕ್ಕಳ ಕಲಿಕೆಯ ಬಗ್ಗೆ ನಮಗೆ ದೊರೆಯುವ ಅಮೂಲ್ಯ ದಾಖಲೆಗಳಲ್ಲಿ ಇದೂ ಒಂದು.

1624ರ ಕೊನೆಯಲ್ಲಿ ಅವನು ಗೋವೆಯಿಂದ ಮಸ್ಕತ್ ಮಾರ್ಗವಾಗಿ ಬಸ್ರಾಕ್ಕೆ ಹೊರಟ. ಬಾಗ್ದಾದಿಗಾಗಿ ಪರ್ಷಿಯ ಮತ್ತು ತುರ್ಕಿಗಳ ನಡುವೆ ಯುದ್ಧ ನಡೆಯುತ್ತಿದ್ದ ಕಾಲವದು. ಆದ್ದರಿಂದ 1625ರ ಬೇಸಿಗೆಯಲ್ಲಿ ಬಸ್ರಾದಿಂದ ಅಲೆಪ್ಪೊಗೆ ಮರುಭೂಮಿಯ ದಾರಿ ಹಿಡಿದ. ಈ ದಾರಿಯಲ್ಲಿ ಒಂಟಿಯಾಗಿ ಹೋಗುವಂತಿರಲಿಲ್ಲ. ಒಂಟೆಗಳ ಕಾಫಿಲಾ ಬೇಕಿತ್ತು. ಆಯಾ ಪ್ರದೇಶದ ಶೇಖ್‌ಗಳು ಸುಂಕ ಪಡೆದು ಪ್ರಯಾಣಿಕರನ್ನು ಮುಂದೆ ಬಿಡುತ್ತಿದ್ದರು. ಡೆಲ್ಲಾ ವಾಲೆಯ ಸಾಮಾನುಗಳ ನಡುವೆ ಮಆನಿಯ ಪೆಟ್ಟಿಗೆಯೂ ಇತ್ತು.

ಜೂನ್ 19ರಂದು ಕಾಫಿಲಾ ಹೊರಡುವುದು ಮತ್ತೆ ಮುಂದಕ್ಕೆ ಹೋಯಿತು. ಜೂನ್ ತಿಂಗಳ ಮರುಭೂಮಿಯಲ್ಲಿ ಬೇರೆ ಯಾರಾದರೂ ಡೇರೆಯ ನೆರಳು ಬಿಟ್ಟು ಏಳುತ್ತಿರಲಿಲ್ಲ. ಡೆಲ್ಲಾ ವಾಲೆ ಮಾತ್ರ ಹತ್ತಿರದಲ್ಲಿದ್ದ ಹಾಳುದಿಬ್ಬವನ್ನು ಚೆನ್ನಾಗಿ ನೋಡಿಬರಲು ಹೋದ. ಅದು ಯಾವ ಕಟ್ಟಡವೆಂದು ಅವನಿಗೆ ತಿಳಿಯಲಿಲ್ಲ. ಆದರೆ ಒಳ್ಳೆಯ ಇಟ್ಟಿಗೆಗಳಿಂದ ಕಟ್ಟಿದ್ದಾರೆ, ಅನೇಕ ಇಟ್ಟಿಗೆಗಳ ನಡುವೆ ಗೊತ್ತಿಲ್ಲದ ಅಕ್ಷರಗಳ ಮುದ್ರೆಯಿದೆ ಎಂಬುದನ್ನು ಗಮನಿಸಿದ. ಇಟ್ಟಿಗೆಗಳನ್ನು ಗಾರೆಯಿಂದಲ್ಲ, ಭೂಮಿಯಲ್ಲಿ ಸಿಗುವ ಡಾಂಬರಿನಿಂದ ಅಂಟಿಸಿದ್ದರು. ಅರಬರು ಆ ದಿಬ್ಬವನ್ನು 'ಮುಕಯ್ಯರ್', ಅಂದರೆ ಡಾಂಬರು ಬಳಿದದ್ದು, ಎಂದು ಕರೆಯುವುದು ಇದಕ್ಕೇ ಎಂದು ಅರಬ್ಬಿ ಬಲ್ಲ ಅವನಿಗೆ ತಕ್ಷಣ ಹೊಳೆಯಿತು.

ನೆಲದ ಮೇಲೆ ಕಪ್ಪು ಕಲ್ಲಿನ ಚೂರುಗಳೂ ಸಿಕ್ಕವು. ಅವುಗಳ ಮೇಲೂ ಅದೇ ಬಗೆಯ ಅಕ್ಷರಗಳಿದ್ದವು. ಪೂರ್ವ ದೇಶದವರು ಬಳಸುವ ಮೊಹರಿನಂಥವು ಇವು ಎಂದು ಅವನು ಗುರುತಿಸಿದ. ಪದೇ ಪದೇ ಕಾಣುವ ಎರಡು ಚಿಹ್ನೆಗಳನ್ನು ಆರಿಸಿಕೊಂಡ: ಒಂದು ಮಲಗಿದ ಪಿರಮಿಡ್ಡಿನಂತೆ, ಇನ್ನೊಂದು ಎಂಟು ಮೊನೆಯ ನಕ್ಷತ್ರದಂತೆ. ಕೆಲವು ಇಟ್ಟಿಗೆಗಳನ್ನೂ ಚೂರುಗಳನ್ನೂ ಸಾಮಾನಿನೊಡನೆ ಕಟ್ಟಿಸಿದ. ಬೆಣೆಲಿಪಿಯ ಇಟ್ಟಿಗೆಗಳನ್ನು ಯುರೋಪಿಗೆ ಕೊಂಡೊಯ್ದ ಮೊದಲಿಗರಲ್ಲಿ ಅವನು ಪ್ರಮುಖ.

1626ರಲ್ಲಿ ರೋಮ್ ಸೇರಿ, ಮರುವರ್ಷ ಕುಟುಂಬದ ಸಮಾಧಿಯಲ್ಲಿ ಮಆನಿಯನ್ನು ಮಣ್ಣು ಮಾಡಿದ. ಅಂದು ಭಾಷಣ ಮಾಡಲು ನಿಂತವನಿಗೆ ಅಳು ತಡೆಯಲಾಗಲಿಲ್ಲ. 1652ರಲ್ಲಿ ಅವನೂ ತೀರಿಕೊಂಡ. ಆ ಅಕ್ಷರಗಳನ್ನು ಓದುವ ಭಾಗ್ಯ ಅವನಿಗಿರಲಿಲ್ಲ.

ಓದಿದವರು ನಂತರ ಬಂದರು. 1802ರಲ್ಲಿ ಜರ್ಮನಿಯ ಗ್ರೋಟೆಫೆಂಡ್ ಎಂಬ ಶಾಲಾ ಶಿಕ್ಷಕ ಪರ್ಸೆಪೊಲಿಸ್ಸಿನ ಬರಹದ ಕೆಲವು ಅಕ್ಷರಗಳನ್ನು ಬಿಡಿಸಿದ. 1850ರ ದಶಕದಲ್ಲಿ ಮುಕಯ್ಯರ್ ದಿಬ್ಬದಲ್ಲಿ ಟೇಲರ್ ಅಗೆದು ತೆಗೆದ ಬರಹಗಳ ಸಹಾಯದಿಂದ ಅದು ಪ್ರಾಚೀನ 'ಊರ್' ನಗರವೆಂದು ತಿಳಿದುಬಂತು. 1922ರಿಂದ 1934ರವರೆಗೆ ಲಿಯೊನಾರ್ಡ್ ವೂಲಿ ಅಲ್ಲಿ ಉತ್ಖನನ ನಡೆಸಿದ. ಹಜರತ್ ಇಬ್ರಾಹಿಮ್ ಅಲೈಹಿಸ್ಸಲಾಮರ ಊರೆಂದು ಬೈಬಲ್ ಹೇಳುವ ಸ್ಥಳ ಇದೇ ಎಂದು ಅನೇಕರು ನಂಬುತ್ತಾರೆ. 2021ರ ಮಾರ್ಚ್ 6ರಂದು ಪೋಪ್ ಫ್ರಾನ್ಸಿಸ್ ಅಲ್ಲಿಗೆ ಹೋಗಿ ವಿವಿಧ ಧರ್ಮದವರ ಸಭೆಯಲ್ಲಿ ಭಾಗವಹಿಸಿದ್ದು ಆ ಕಾರಣಕ್ಕೇ. ಇನ್ನು ಆ ಎಂಟು ಮೊನೆಯ ನಕ್ಷತ್ರ? ಆಕಾಶ ಮತ್ತು ದೇವರು ಎಂಬುದಕ್ಕೆ ಅಲ್ಲಿಯ ಜನ ಬರೆಯುತ್ತಿದ್ದ ಅಕ್ಷರ ಅದೇ ಎಂದು ಇಂದು ನಮಗೆ ಗೊತ್ತು.

ವಿದ್ಯಾರ್ಥಿ ಮಿತ್ರರೇ, ಇದೆಲ್ಲ ದೂರದ ಮಾತೆಂದು ಭಾವಿಸಬೇಡಿ. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಒಂದು ಬಂಡೆಯಿದೆ. ಸುತ್ತಲಿನ ಜನ ಅದನ್ನು 'ಅಕ್ಷರ ಗುಂಡು' ಎಂದು ಕರೆಯುತ್ತಿದ್ದರು. ಅಕ್ಷರವೆಂದು ಗೊತ್ತಿತ್ತು, ಏನು ಬರೆದಿದೆಯೆಂದು ಗೊತ್ತಿರಲಿಲ್ಲ. 1892ರಲ್ಲಿ ಬಿ.ಎಲ್. ರೈಸ್ ಅದು ಅಶೋಕನ ಶಾಸನವೆಂದು ಪತ್ತೆಹಚ್ಚಿದರು. ತಂದೆ ತಾಯಿಗಳ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂದು ಅದರಲ್ಲಿದೆ. ಶಾಸನ ಬ್ರಾಹ್ಮಿ ಲಿಪಿಯಲ್ಲಿದ್ದು, ಕನ್ನಡದಂತೆ ಎಡದಿಂದ ಬಲಕ್ಕೆ ಸಾಗುತ್ತದೆ. ಆದರೆ ಕೊನೆಯಲ್ಲಿ ಬರೆದವನು, ಚಪಡ ಎಂಬಾತ, ತನ್ನ ಹೆಸರಿನ ಜೊತೆ 'ಲಿಪಿಕಾರ' ಎಂಬ ಪದವೊಂದನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಅದು ವಾಯವ್ಯ ಗಡಿನಾಡಿನ ಲಿಪಿ. ಉರ್ದುವಿನಂತೆ ಬಲದಿಂದ ಎಡಕ್ಕೆ ಸಾಗುತ್ತದೆ. ಖರೋಷ್ಠಿಯೂ ಅರಬ್ಬಿ ಲಿಪಿಯೂ ಅರಮಾಯಿಕ್ ಲಿಪಿಯಿಂದಲೇ ಬೆಳೆದವೆಂದು ವಿದ್ವಾಂಸರು ಹೇಳುತ್ತಾರೆ. ಅಂದರೆ ಎರಡೂ ಕಡೆಯ ಬರವಣಿಗೆ ನಮ್ಮ ನೆರೆಯ ಬಂಡೆಯೊಂದರ ಮೇಲೆ 2,200 ವರ್ಷಗಳಿಂದ ಒಟ್ಟಿಗಿದೆ.

ಒಮ್ಮೆ ನನ್ನ ವಿದ್ಯಾರ್ಥಿನಿಯೊಬ್ಬಳು ತನ್ನ ತಾತನ ಹಳೆಯ ಉರ್ದು ಪತ್ರವನ್ನು ಶಾಲೆಗೆ ತಂದಿದ್ದಳು. ಮನೆಯಲ್ಲಿ ಅದನ್ನು ಓದಬಲ್ಲವರು ಯಾರೂ ಉಳಿದಿರಲಿಲ್ಲ. ರದ್ದಿಗೆ ಹಾಕಲು ಹೊರಟಿದ್ದ ಕಾಗದದಲ್ಲಿ, ಮಗಳನ್ನು ತಪ್ಪದೆ ಓದಿಸಬೇಕೆಂದು ತಾತ ಬರೆದಿದ್ದರು. ಆ ಮಗಳೇ ಈ ಹುಡುಗಿಯ ತಾಯಿ. ಓದಿ ಹೇಳಿದಾಗ ಅವಳು ಪತ್ರವನ್ನು ಮಡಿಸಿ ಪುಸ್ತಕದೊಳಗಿಟ್ಟುಕೊಂಡಳು. ಅಕ್ಷರಗಳು ಅಪರಿಚಿತವಾಗಲು ಸಾವಿರಾರು ವರ್ಷ ಬೇಕಿಲ್ಲ. ಎರಡು ತಲೆಮಾರು ಸಾಕು.

ಆದ್ದರಿಂದ ನಿಮ್ಮ ಮನೆಯ ಪೆಟ್ಟಿಗೆಯಲ್ಲಿ, ಊರ ಕಲ್ಲಿನ ಮೇಲೆ ಗೊತ್ತಿಲ್ಲದ ಬರಹ ಕಂಡರೆ ಗೀಚಬೇಡಿ, ಬಿಸಾಡಬೇಡಿ. ನೋಟ್ ಪುಸ್ತಕದಲ್ಲಿ ನಕಲು ಮಾಡಿಕೊಳ್ಳಿ, ಬಲ್ಲವರನ್ನು ಕೇಳಿ. ಉರ್ದುವನ್ನೂ ಕನ್ನಡವನ್ನೂ ಚೆನ್ನಾಗಿ ಕಲಿಯಿರಿ. ಹೆಂಡತಿಯನ್ನು ಕಳೆದುಕೊಂಡ ದುಃಖದಲ್ಲಿ, ಜೂನ್ ತಿಂಗಳ ಬಿಸಿಲಿನಲ್ಲಿ, ಪರದೇಶದ ದಿಬ್ಬ ಹತ್ತಿ ತನಗೆ ಓದಲು ಬಾರದ ಅಕ್ಷರಗಳನ್ನು ಜೋಪಾನ ಮಾಡಿದ ಆ ಪ್ರವಾಸಿಯಿಂದ ನಾವು ಕಲಿಯಬೇಕಾದದ್ದು ಇದನ್ನೇ.