ಸಾಲಿನ ಕೊನೆಯೂ ಒಂದು ಅಕ್ಷರ

ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕವನ್ನು ತಿಳಿಸುವ ಶಿಲಾಶಾಸನವಿದೆ. ನಮ್ಮ ಹಳೆಯ ಶಾಸನಗಳಲ್ಲಿ ಕಲ್ಲಿನ ಅಂಚು ಬಂದಲ್ಲಿ ಪದ ಅರ್ಧಕ್ಕೇ ತುಂಡಾಗಿ ಮುಂದಿನ ಸಾಲಿಗೆ ಹೋಗುವುದು ಸಾಮಾನ್ಯ. ಸಾಲು ಮುಗಿಯಿತೆಂದು ಹೇಳಲು ಬೇರೆ ಅಕ್ಷರ ಬೇಕಿರಲಿಲ್ಲ. ಗಣಕದಲ್ಲಿ ಹಾಗಲ್ಲ. ಅಲ್ಲಿ ಸಾಲಿನ ಕೊನೆಯೂ ಒಂದು ಅಕ್ಷರವೇ. 'ಸಿ' ಭಾಷೆ ಕಲಿಯುವವರನ್ನು ಕಾಡುವ ಒಂದು ತೊಡಕಿನ ಮೂಲ ಇದೇ.

ಈ ಅಕ್ಷರ ಬಂದದ್ದು ತಂತಿ ಯಂತ್ರದಿಂದ. 1901ರಲ್ಲಿ ಡೊನಾಲ್ಡ್ ಮರ್ರೇ ರೂಪಿಸಿದ ತಂತಿ ಸಂಕೇತದಲ್ಲಿ ಅಚ್ಚಿನ ಸ್ಥಾನವನ್ನು ಸಾಲಿನ ಆರಂಭಕ್ಕೆ ತರಲು ಒಂದು, ಕಾಗದವನ್ನು ಒಂದು ಸಾಲು ಸರಿಸಲು ಇನ್ನೊಂದು ಸಂಕೇತವಿತ್ತು. 1963ರ ಆಸ್ಕಿ ಪಟ್ಟಿಯಲ್ಲಿ ಇವು 13 ಮತ್ತು 10 ಆದವು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಆರಂಭವಾದ ಯುನಿಕ್ಸ್, ಸಾಲಿನ ಕೊನೆಗೆ 10 ಒಂದನ್ನೇ ಇಟ್ಟುಕೊಂಡಿತು. ಅಲ್ಲಿಯೇ ಡೆನ್ನಿಸ್ ರಿಚಿ ರೂಪಿಸಿದ ಸಿ ಭಾಷೆಗೂ ಅದೇ ಪದ್ಧತಿ ಬಂದಿತು.

ಕಂಪ್ಲಿಯ ಭತ್ತದ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಬರೆದಿದ್ದೀರಿ ಎನ್ನೋಣ. ಮೊದಲು ಚೀಲಗಳ ಸಂಖ್ಯೆ, ಬಳಿಕ ದರ್ಜೆಯ ಅಕ್ಷರ ಕೇಳಬೇಕು. ನೀವು 40 ಬರೆದು ಎಂಟರ್ ಒತ್ತುತ್ತೀರಿ. ಸ್ಕ್ಯಾನ್‌ಎಫ್ ಅಂಕೆಗಳನ್ನಷ್ಟೇ ತೆಗೆದುಕೊಳ್ಳುತ್ತದೆ. ಎಂಟರ್‌ನ 10 ಬಫರ್‌ನಲ್ಲೇ ಉಳಿಯುತ್ತದೆ. ದರ್ಜೆಯ ಪ್ರಶ್ನೆಗೆ ಅದೇ ಉತ್ತರವಾಗಿಬಿಡುತ್ತದೆ! ನೀವು ಕೀಲಿ ಮುಟ್ಟುವ ಮೊದಲೇ ಲೆಕ್ಕ ತಪ್ಪಿರುತ್ತದೆ.

ಪರಿಹಾರವೇನು? ಅಕ್ಷರ ಓದುವ ಶೇಕಡಾ ಚಿಹ್ನೆಯ ಮುಂದೆ ಒಂದು ಖಾಲಿ ಜಾಗ ಬಿಡಿ; ಉಳಿದ ಸಾಲಂತ್ಯವನ್ನು ಸ್ಕ್ಯಾನ್‌ಎಫ್ ದಾಟಿಹೋಗುತ್ತದೆ. ಎಫ್‌ಫ್ಲಶ್ ಬಳಸಬೇಡಿ, ಸಿ ಮಾನಕದಲ್ಲಿ ಅದು ಹೊರಹರಿವಿಗೆ ಮಾತ್ರ.

ಇಡೀ ಸಾಲನ್ನು ಓದುವುದು ಇನ್ನೂ ಒಳ್ಳೆಯದು. ಹಿಂದೆ ಇದಕ್ಕೆ ಗೆಟ್ಸ್ ಇತ್ತು. ಅದು ಸಾಲಂತ್ಯವನ್ನು ತಾನೇ ತೆಗೆದುಹಾಕುತ್ತಿತ್ತು. ಆದರೆ ಸಾಲು ಹಿಡಿಸುವಷ್ಟು ಜಾಗವಿದೆಯೇ ಎಂದು ನೋಡುತ್ತಿರಲಿಲ್ಲ. 1988ರ ಮಾರಿಸ್ ವರ್ಮ್ ಗಣಕಗಳೊಳಗೆ ನುಗ್ಗಿದ ದಾರಿಗಳಲ್ಲಿ ಈ ದೋಷವೂ ಒಂದು. 2011ರ ಮಾನಕ ಗೆಟ್ಸ್ ಅನ್ನು ಕೈಬಿಟ್ಟಿತು.

ಈಗ ಬಳಸಬೇಕಾದದ್ದು ಎಫ್‌ಗೆಟ್ಸ್. ಇದು ನೀವು ಹೇಳಿದ ಮಿತಿಯನ್ನು ಮೀರುವುದಿಲ್ಲ. ಆದರೆ ಜಾಗವಿದ್ದರೆ ಸಾಲಂತ್ಯವನ್ನೂ ಜೊತೆಗೆ ಇಡುತ್ತದೆ. ಹೊಸಪೇಟೆ ಎಂದು ರೋಮನ್ ಲಿಪಿಯಲ್ಲಿ ಬರೆದರೆ 8 ಅಕ್ಷರ. ಎಫ್‌ಗೆಟ್ಸ್ ಓದಿದಾಗ 9. ಆ ಒಂಬತ್ತನೆಯದನ್ನು ತೆಗೆಯದೆ ಹೋಲಿಸಿದರೆ ನಿಮ್ಮ ಪಟ್ಟಿಯಲ್ಲಿ ಹೊಸಪೇಟೆ ಸಿಗುವುದೇ ಇಲ್ಲ.

ಕಣ್ಣಿಗೆ ಕಾಣದಿದ್ದರೂ ಸಾಲಂತ್ಯವನ್ನು ಲೆಕ್ಕಕ್ಕೆ ಹಿಡಿಯಿರಿ.