ದೊರೆಯ ಕತೆ, ನಕಲುಗಾರನ ಕೂಲಿ

ಮಂಗಳೂರು ಬಂದರಿನ ಜೀನತ್ ಬಕ್ಷ್ ಮಸೀದಿ ಕಟ್ಟಿದ್ದು ಕ್ರಿ.ಶ. 644ರಲ್ಲಿ ಅಂತ ಬಹಳ ಜನ ಹೇಳ್ತಾರೆ. ಬಾರಕೂರು, ಕಾಸರಗೋಡಿನ ಮಸೀದಿಗಳಿಗೂ ಅದೇ ಕತೆ. ದೊರೆ ಚೇರಮಾನ್ ಪೆರುಮಾಳ್ ಚಂದ್ರ ಎರಡು ಹೋಳಾದದ್ದನ್ನು ಕಂಡನಂತೆ, ರಾಜ್ಯ ಹಂಚಿಕೊಟ್ಟು ಅರಬರ ನಾಡಿಗೆ ಹೋದನಂತೆ, ಅವನ ಪತ್ರ ಹಿಡಿದು ಬಂದ ಮಾಲಿಕ್ ದೀನಾರರೂ ಅವರ ಜೊತೆಯವರೂ ಕರಾವಳಿಯುದ್ದಕ್ಕೂ ಹತ್ತು ಮಸೀದಿ ಕಟ್ಟಿದರಂತೆ. ರಾಜಾಜಿನಗರದ ಕಾಲೇಜು ಹುಡುಗರಿಂದ ಹಿಡಿದು ಕೆಂಗೇರಿಯ ಮೇಷ್ಟರ ತನಕ ನಮ್ಮ ಸಂಗಾತಿಗಳು ಭಾಷಣಗಳಲ್ಲಿ ಈ ಇಸವಿಯನ್ನು ಎತ್ತಿ ಹೇಳೋದು ಕೇಳಿದ್ದೇನೆ. ಉದ್ದೇಶ ಒಳ್ಳೇದೇ. ಈ ಕರಾವಳಿಗೆ ಇಸ್ಲಾಂ ಬಂದದ್ದು ವ್ಯಾಪಾರದ ಹಡಗು ಹತ್ತಿ ಅಂತ ತೋರಿಸಬೇಕು. ಆದರೆ ಎದುರಿಗೆ ಕೂತವನು ಇಸವಿಯೊಂದನ್ನು ಸುಳ್ಳು ಮಾಡಿ, ಅದರ ಜೊತೆಗೆ ನಿಜವನ್ನೂ ಹೊತ್ತುಕೊಂಡು ಹೋಗ್ತಾನೆ.

ಲೆಕ್ಕ ಹಾಕಿ ನೋಡಿ. ಹಳೆಯ ಅರಬ್ಬಿ ಗ್ರಂಥಗಳು ಬಲ್ಲ ಮಾಲಿಕ್ ಬಿನ್ ದೀನಾರರು ಬಸ್ರಾದವರು, ತೀರಿಕೊಂಡದ್ದು ಸುಮಾರು 748ರಲ್ಲಿ. 644ರಲ್ಲಿ ಅವರು ಇಪ್ಪತ್ತರ ಹುಡುಗ ಅಂತಿಟ್ಟುಕೊಂಡರೂ ಸಾಯುವಾಗ ನೂರಿಪ್ಪತ್ತು ದಾಟಿರಬೇಕು!

892ರ ಸುಮಾರಿಗೆ ತೀರಿಕೊಂಡ ಬಲಾದುರಿ, ಖಲೀಫ ಉಮರರ ಕಾಲದಲ್ಲಿ ಠಾಣೆ, ಭರೂಚ್, ದೇಬಲ್ ಮೇಲೆ ದಂಡು ಹೋದದ್ದನ್ನು ಮುಚ್ಚಿಡದೆ ಬರೆದಿದ್ದಾನೆ. ನಮಗೆ ಹಿಡಿಸದ್ದನ್ನೂ ಹೇಳೋ ಸಾಕ್ಷಿ ಅದು. ಮಲಬಾರಿನ ದೊರೆ ಅವನಲ್ಲಿಲ್ಲ. 923ರಲ್ಲಿ ತೀರಿಕೊಂಡ ತಬರಿಯಲ್ಲೂ ಇಲ್ಲ. ತಬರಿ ಸುದ್ದಿಗಳ ಜೊತೆಗೆ ಯಾರಿಂದ ಯಾರು ಕೇಳಿದ್ದು ಅನ್ನೋ ಸರಪಳಿ ಕೊಡ್ತಾನೆ. ಓದುಗರಿಗೆ ಒಪ್ಪಿಗೆಯಾಗದ ಮಾತಿದ್ದರೆ ಅದು ತನಗೆ ಹೇಳಿದವರದು, ತಾನು ದಾಟಿಸಿದವನು ಅಷ್ಟೆ ಅಂತ ಮುನ್ನುಡಿಯಲ್ಲೇ ಎಚ್ಚರಿಸ್ತಾನೆ. ಆದ್ದರಿಂದ ತಬರಿ ಹೆಸರು ಹೇಳಿದರೆ ಸಾಲದು, ಕೊಂಡಿ ಕೊಂಡಿಯನ್ನೂ ತಟ್ಟಿ ನೋಡಬೇಕು.

ಗಟ್ಟಿ ಸಾಕ್ಷಿ ಇಲ್ಲವೇ ಇಲ್ಲ ಅಂತಲ್ಲ. 1340ರ ದಶಕದಲ್ಲಿ ಇಬ್ನ್ ಬತೂತ ಈ ದಾರಿಯಲ್ಲೇ ಬಂದ. ಮಂಗಳೂರಲ್ಲಿ ಸುಮಾರು 4000 ಮುಸ್ಲಿಮರನ್ನು ಲೆಕ್ಕ ಹೇಳಿದ್ದಾನೆ. ಬಾರಕೂರಿನ ಜುಮ್ಮಾ ಮಸೀದಿ ಕಟ್ಟಿಸಿದವನು ಆಗ ಅಲ್ಲಿದ್ದ ಮುಸ್ಲಿಮರ ಮುಖಂಡ ಹುಸೇನ್ ಅಂತ ಬರೆದಿದ್ದಾನೆ. ದೊರೆಗೆ ಬಿದ್ದ ಕನಸು ಬೇಡ, ಚಂದ್ರ ಒಡೆಯೋದೂ ಬೇಡ. ಊರವನೊಬ್ಬ ಕಟ್ಟಿಸಿದ. ನಮ್ಮಲ್ಲಿ ಗುಡಿಗಾಗಲಿ ಮಸೀದಿಗಾಗಲಿ ಒಬ್ಬ ರಾಜ ಇಲ್ಲದಿದ್ದರೆ ಯಾಕೋ ಸಮಾಧಾನವೇ ಆಗೋದಿಲ್ಲ!

ಇನ್ನೊಂದು ಮಾತು. ಬಸ್ರಾದ ಮಾಲಿಕ್ ಗುಲಾಮನ ಮಗ. ಕುರಾನಿನ ಪ್ರತಿ ಬರೆದು, ಬಂದ ಕೂಲಿಯಲ್ಲಿ ಬದುಕಿದವರು ಅಂತ ಹಳಬರು ಹೇಳ್ತಾರೆ. ಅಕ್ಷರವೇ ಕೂಲಿಯಾದ ಇಂಥ ಮನುಷ್ಯನನ್ನು ಬಿಟ್ಟು ನಾವು ರಾಜ್ಯ ಹಂಚಿದ ದೊರೆಯ ಹಿಂದೆ ಯಾಕೆ ಓಡ್ತೀವಿ?

ಪೊನ್ನಾನಿಯ ಜೈನುದ್ದೀನ್ ಮಖ್ದೂಮ್ 16ನೇ ಶತಮಾನದ ಕೊನೆಯಲ್ಲಿ ಅರಬ್ಬಿಯಲ್ಲಿ 'ತುಹ್ಫತುಲ್ ಮುಜಾಹಿದೀನ್' ಬರೆದರು. ಅರ್ಪಣೆ ನಮ್ಮ ವಿಜಾಪುರದ ಅಲಿ ಆದಿಲಶಾಹನಿಗೆ. ಪೆರುಮಾಳನ ಕತೆ ಅದರಲ್ಲೂ ಇದೆ. ಆದರೆ ಅದು ಪ್ರವಾದಿಗಳ ಕಾಲದ್ದು ಅನ್ನೋ ಜನರ ನಂಬಿಕೆ ಸರಿಯಿರಲಾರದು, ಹಿಜರಿ 200 ಆದಮೇಲಿನದಿರಬೇಕು ಅಂತ ಅವರೇ ಹೇಳಿಬಿಟ್ಟಿದ್ದಾರೆ. ಅದೇ ಪುಸ್ತಕದಲ್ಲಿ ಅವರು ಮಲಬಾರಿನ ಜಾತಿಯ ಕಟ್ಟಳೆಗಳನ್ನು ಬಿಡಿಬಿಡಿಯಾಗಿ ವಿವರಿಸ್ತಾರೆ: ಕೀಳುಜಾತಿಯವರು ಮುಟ್ಟಿದರೆ ಮೇಲಿನವರು ಮಿಂದ ಮೇಲೆಯೇ ಉಣ್ಣಬೇಕು, ಕೀಳುಜಾತಿಯವರು ಬೇಯಿಸಿದ್ದನ್ನು ಉಂಡರೆ ಜಾತಿಯಿಂದ ಹೊರಗೆ. ಈ ಕಟ್ಟಳೆಗಳ ಕಾಟವೇ ಅಲ್ಲಿ ಬಹಳ ಜನರನ್ನು ಇಸ್ಲಾಮಿಗೆ ತಂದಿತು ಅಂತ ಮಖ್ದೂಮರೇ ಬರೆದಿದ್ದಾರೆ.