ಶೀಲಮಾಪನವೂ ಕನ್ನಡ ನುಡಿಯೂ

ಮನುಷ್ಯನ ಶೀಲವನ್ನು ಅಳೆಯಬಹುದೆಂಬ ವಿಚಾರವು ಆಧುನಿಕ ಮನಶ್ಶಾಸ್ತ್ರದಲ್ಲಿ ಪದಕೋಶದ ಆಶ್ರಯದಲ್ಲಿಯೇ ಬೆಳೆಯಿತು. 1884ರಲ್ಲಿ ಇಂಗ್ಲೆಂಡಿನ ಗಾಲ್ಟನ್ನನು ಕೋಶವೊಂದನ್ನು ಪರಿಶೀಲಿಸಿ, ಶೀಲವಾಚಕಗಳಾದ ಪದಗಳು ಸಾವಿರಕ್ಕೆ ಕಡಮೆಯಿಲ್ಲವೆಂದು ಅಂದಾಜುಮಾಡಿದನು. 1936ರಲ್ಲಿ ಅಮೆರಿಕದ ಆಲ್‌ಪೋರ್ಟ್ ಮತ್ತು ಓಡ್‌ಬರ್ಟರು ಅಂತಹ 17,953 ಪದಗಳನ್ನು ಪಟ್ಟಿಮಾಡಿದರು. ಇದರ ನಡುವೆ, ಮೊದಲ ಮಹಾಯುದ್ಧದ ಕಾಲದಲ್ಲಿ, ವುಡ್‌ವರ್ತನು ಸೈನಿಕರ ಮನಃಸ್ಥಿತಿಯನ್ನರಿಯಲು 116 ಪ್ರಶ್ನೆಗಳನ್ನು ರಚಿಸಿದನು. ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂಬುದೇ ಉತ್ತರ. ಮುಂದಣ ಪ್ರಶ್ನಾವಳಿಗಳೆಲ್ಲಕ್ಕೂ ಇದೇ ಮೂಲಮಾದರಿ.

ಕನ್ನಡನಾಡಿನಲ್ಲಿ ಮೊದಲು ನೆಲೆನಿಂತುದು ಬುದ್ಧಿಮಾಪನ. ಲಂಡನ್ನಿನಲ್ಲಿ ಸ್ಪಿಯರ್‌ಮನ್ನನ ಶಿಷ್ಯರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವು ಆರಂಭವಾಯಿತು. ಧಾರವಾಡದಲ್ಲಿ ವಿ. ವಿ. ಕಾಮತರು ಬಿನೆಯ ಪರೀಕ್ಷೆಗಳನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಬುದ್ಧಿಪರೀಕ್ಷೆಯಲ್ಲಿ ಉತ್ತರದ ಸರಿತಪ್ಪುಗಳನ್ನು ನಿರ್ಣಯಿಸಬಹುದು. ಶೀಲಪರೀಕ್ಷೆಯಲ್ಲಿಯಾದರೋ ಉತ್ತರಿಸುವವನ ಮಾತೇ ಸಾಕ್ಷಿ. ಆದುದರಿಂದ ಇಲ್ಲಿ ಭಾಷಾಂತರದ ಹೊಣೆ ಹೆಚ್ಚಿನದು.

ಈ ಹೊಣೆಯ ಸ್ವರೂಪವನ್ನು 1939ರವರೆಗೆ ಮೈಸೂರು ಜಿಲ್ಲೆಗೇ ಸೇರಿದ್ದ ಮಂಡ್ಯ, ಮದ್ದೂರು, ಮಳವಳ್ಳಿಗಳ ಜನಜೀವನದಿಂದ ತಿಳಿಯಬಹುದು. ಬಹುಜನರ ಕೂಟಗಳಲ್ಲಿ ಸೇರುವ ಅಭಿರುಚಿಯುಂಟೆ ಎಂಬ ಪ್ರಶ್ನೆಯಿಂದ ಪಾಶ್ಚಾತ್ಯರು ಬಹಿರ್ಮುಖತೆಯನ್ನು ಗುರುತಿಸುವರು. ಈ ಸೀಮೆಯಲ್ಲಿ ಊರಹಬ್ಬಕ್ಕೂ ನಂಟರ ಮದುವೆಗೂ ಹೋಗುವುದು ಅಭಿರುಚಿಗಿಂತ ಮಿಗಿಲಾಗಿ ಕರ್ತವ್ಯ. ಮಿತಭಾಷಿಯಾದ ರೈತನೂ 'ಹೌದು' ಎನ್ನುವನು. ಎಣಿಕೆಯಲ್ಲಿ ಮಾತ್ರ ಅವನು ಬಹಿರ್ಮುಖಿಯಾಗುವನು. ಓದುಬರಹವಿಲ್ಲದವನಿಗೆ ಪ್ರಶ್ನೆಯನ್ನು ಓದಿ ಹೇಳಬೇಕಾಗುವುದರಿಂದ, ಕೇಳುವವನ ಮೇಲಣ ಮರ್ಯಾದೆಯೂ ಉತ್ತರದಲ್ಲಿ ಬೆರೆಯುವುದು.

ಇದೇ ಸೀಮೆಯ ಮಂಟೇಸ್ವಾಮಿ ಕಾವ್ಯಪರಂಪರೆಯಲ್ಲಿ ಶೀಲಪರೀಕ್ಷೆಯ ಬೇರೊಂದು ಕ್ರಮವುಂಟು. ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ಕಬ್ಬಿಣದ ಭಿಕ್ಷೆಗಾಗಿ ಹೋದ ಸಿದ್ಧಪ್ಪಾಜಿಯನ್ನು ಪಾಂಚಾಳರು ಕಠಿಣ ಪರೀಕ್ಷೆಗಳಿಗೆ ಗುರಿಮಾಡುತ್ತಾರೆ. ಅವನು ಎಂತಹವನೆಂಬುದನ್ನು ಅವನ ನಡೆ ತಿಳಿಸುತ್ತದೆ, ಲೋಕವು ಕಂಡು ನುಡಿಯುತ್ತದೆ. ಇದು ಶಾಸ್ತ್ರೀಯ ಮಾಪನವಲ್ಲ. ಆದರೆ ತನ್ನನ್ನು ತಾನೇ ವರ್ಣಿಸಿಕೊಳ್ಳುವುದಕ್ಕಿಂತ ಪರರ ಸಾಕ್ಷ್ಯಕ್ಕೆ ಮನ್ನಣೆ ಕೊಡುವ ದೃಷ್ಟಿ ಇದರಲ್ಲಿದೆ. ಬಲ್ಲವರಿಂದ ವಿಚಾರಿಸಿ ಗುಣವನ್ನು ತೂಗುವ ಪದ್ಧತಿಯನ್ನು ಮನಶ್ಶಾಸ್ತ್ರವೂ ಅಂಗೀಕರಿಸಿದೆ.

ಪ್ರಶ್ನಾವಳಿ ನಿಷ್ಪ್ರಯೋಜಕವೆಂದು ಇದರಿಂದ ಸಿದ್ಧವಾಗುವುದಿಲ್ಲ. ಅಲ್ಪಕಾಲದಲ್ಲಿ ಅನೇಕರನ್ನು ಒಂದೇ ರೀತಿಯಲ್ಲಿ ವಿಚಾರಿಸಲು ಅದು ಉಪಯುಕ್ತವಾದ ಸಾಧನ. ಆದರೆ ಕನ್ನಡಕ್ಕೆ ತಿರುಗಿಸಿದ ಪ್ರಶ್ನೆಯನ್ನು ಮೂಲವನ್ನರಿಯದವರಿಂದ ಪುನಃ ಇಂಗ್ಲಿಷಿಗೆ ತಿರುಗಿಸಿ ನೋಡಿದರಷ್ಟೇ ಸಾಲದು. ಪದವು ಸರಿಹೋದರೂ ಪ್ರಸಂಗವು ತಪ್ಪಬಹುದು. ಮುಂಗೋಪಿ, ದುಡುಕ, ಪುಕ್ಕಲ, ಗಟ್ಟಿಗ, ಮೊಂಡ ಮುಂತಾಗಿ ಜನರು ಪರಸ್ಪರರನ್ನು ಅಳೆಯುವ ನುಡಿಗಳ ಅರ್ಥಚ್ಛಾಯೆಯನ್ನು ಬಲ್ಲವರು ಈ ಕಾರ್ಯಕ್ಕೆ ಅವಶ್ಯಕ. ರೋಗಿಯ ಮನಸ್ಸಿನ ವಿಷಯದಲ್ಲಿಯೂ ವಿದ್ಯಾರ್ಥಿಯ ಸ್ವಭಾವದ ವಿಷಯದಲ್ಲಿಯೂ ತೀರ್ಪು ಹೊರಡುವಾಗ, ಭಾಷಾಂತರದ ದೋಷವು ಮನುಷ್ಯನ ದೋಷವೆಂದು ಬರೆಯಲ್ಪಡಬಾರದು.